ಐದು ಗುಂಡು ಹಾರಿದರೆ ಪಿಸ್ತೂಲು ಪಾಸಾ?

ನಾವು ನಾಲ್ವರು. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗ ಪೇಪರಿನಲ್ಲಿ ತುಮಕೂರಿನ ಜೊತೆಗೆ ‘ಮಧುಗಿರಿ ಶೈಕ್ಷಣಿಕ ಜಿಲ್ಲೆ’ ಅಂತ ಇನ್ನೊಂದು ಸಾಲು ಬರುತ್ತಲ್ಲ, ಆ ಸಾಲಿನವರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ: ತಾಲ್ಲೂಕಿಗೊಬ್ಬರಂತೆ ಹಾಸ್ಟೆಲಿನ ಒಂದೇ ರೂಮಿನಲ್ಲಿ ಸೇರಿಕೊಂಡಿದ್ದೇವೆ. ಹೀಗಾಗಿ ನಮ್ಮ ರೂಮಿನಲ್ಲಿ ಕಡಲೆಕಾಯಿಗೆ ಯಾವತ್ತೂ ಬರ ಇಲ್ಲ, ಜಗಳಕ್ಕೂ ಬರ ಇಲ್ಲ. ಈ ಸಲದ ಜಗಳ ಶುರುವಾಗಿದ್ದು ಒಂದು ಖಾಲಿ ತೋಟಾದಿಂದ.

ಎನ್‌ಸಿಸಿ ಕ್ಯಾಂಪಿನಲ್ಲಿ .22 ರೈಫಲ್ ಫೈರಿಂಗ್ ಇತ್ತು. ತಲೆಗೆ ಐದು ಗುಂಡು. ನಮ್ಮಲ್ಲೊಬ್ಬ ನಾಲ್ಕನೆಯದು ಹೊಡೆದು ಬೋಲ್ಟ್ ಎಳೆದರೆ ಖಾಲಿ ಕೇಸ್ ಹೊರಗೆ ಬರಲೇ ಇಲ್ಲ. ಚೇಂಬರಿನಲ್ಲೇ ಕಚ್ಚಿಕೊಂಡು ಕೂತಿತ್ತು. ಉಸ್ತಾದರು ಬಂದರು, ಎರಡು ಸಲ ಬೋಲ್ಟ್ ಆಡಿಸಿದರು, ಏನೋ ತಟ್ಟಿದರು, ‘ಠಣ್’ ಅಂತ ಬಿತ್ತು. ಐದನೆಯದು ಆರಾಮಾಗಿ ಹಾರಿತು. ರಿಜಿಸ್ಟರಿನಲ್ಲಿ ಬರೆದದ್ದು ಇಷ್ಟು: ಐದು ಗುಂಡು, ಐದೂ ಫೈರ್, ಓಕೆ.

ಆ ರಾತ್ರಿ ಟೆಂಟಿನಲ್ಲಿ ಜಗಳ. ಒಬ್ಬ ಅಂದ, ‘ಐದಕ್ಕೆ ಐದು ಹಾರಿತಲ್ಲ, ಇನ್ನೇನು ಬೇಕು?’ ಇನ್ನೊಬ್ಬ ಅಂದ, ‘ಹಾರಿದ್ದು ಬರೆದರು, ಕಚ್ಚಿಕೊಂಡಿದ್ದು ಎಲ್ಲಿ ಬರೆದರು?’ ಕ್ಯಾಂಪು ಮುಗಿದು ವಾಪಸ್ ಬಂದಮೇಲೂ ಆ ಮಾತು ನಮ್ಮನ್ನು ಬಿಡಲಿಲ್ಲ. ಓದುತ್ತಾ ಹೋದಂತೆ ಬಂದೂಕಿನಿಂದ ಪಿಸ್ತೂಲಿಗೆ, ಪಿಸ್ತೂಲಿನಿಂದ ನಮ್ಮ ಲ್ಯಾಬಿಗೆ ಬಂದು ನಿಂತೆವು. ಈ ಲೇಖನದಲ್ಲಿ ನಾವು ಹೇಳಬೇಕೆಂದಿರೋದು ಒಂದೇ ಮಾತು: ಯಂತ್ರ ಎಷ್ಟು ಸಲ ಓಡಿತು ಅಂತ ಬರೆಯೋದು ಪರೀಕ್ಷೆ ಅಲ್ಲ; ಎಷ್ಟು ಸಲ, ಯಾವಾಗ, ಯಾಕೆ ನಿಂತಿತು ಅಂತ ಬರೆಯೋದೇ ಪರೀಕ್ಷೆ.

ಮೊದಲೇ ಒಂದು ಮಾತು. ಬಂದೂಕನ್ನು ಹೊಗಳೋಕೆ ಇದನ್ನು ಬರೀತಿಲ್ಲ. ಲೈಸೆನ್ಸ್, ಫೈರಿಂಗ್ ರೇಂಜ್, ತರಬೇತಿ ಪಡೆದ ಕೈ, ಈ ಮೂರೂ ಇದ್ದಾಗಿನ ಮಾತು ಇದು. ಮೂರರಲ್ಲಿ ಒಂದಿಲ್ಲದಿದ್ದರೂ ಆಯುಧ ಕಾಯ್ದೆಯ ಪ್ರಕಾರವೋ ಬುದ್ಧಿಯ ಪ್ರಕಾರವೋ ಅದು ತಪ್ಪು.

ಕಾಳು ಮುಂದಕ್ಕೆ, ಸಿಪ್ಪೆ ಆಚೆಗೆ

ರೈಫಲಿನಲ್ಲಿ ಬೋಲ್ಟ್ ಎಳೆಯೋದು ನಮ್ಮ ಕೈ. ಕೇಸ್ ಕಚ್ಚಿಕೊಂಡರೆ ಕೈಗೆ ಗೊತ್ತಾಗುತ್ತೆ, ಇನ್ನೂ ಜೋರಾಗಿ ಎಳೀಬಹುದು. ಸೆಮಿ ಆಟೊಮ್ಯಾಟಿಕ್ ಪಿಸ್ತೂಲಿನಲ್ಲಿ ಆ ಕೈಯೇ ಇಲ್ಲ. ಗುಂಡು ಮುಂದಕ್ಕೆ ಹೋದ ಒದೆತದಿಂದಲೇ ಪಿಸ್ತೂಲು ತನ್ನ ಖಾಲಿ ಕೇಸನ್ನು ಹೊರಗೆಸೆದು, ಮುಂದಿನ ತೋಟಾ ಒಳಗೆ ತಳ್ಳಿ, ಮತ್ತೆ ಬಾಗಿಲು ಮುಚ್ಚಿಕೊಳ್ಳಬೇಕು. ಇಷ್ಟೂ ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಬೇಕು.

ಫಸ್ಟ್ ಇಯರ್ ಫಿಸಿಕ್ಸಿನಲ್ಲೇ ಲೆಕ್ಕ ಹಾಕಬಹುದು. 9 ಮಿ.ಮೀ. ಪಿಸ್ತೂಲಿನ ಗುಂಡು ಸುಮಾರು 8 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 350 ಮೀಟರ್. ಮೊಮೆಂಟಮ್ 2.8. ಹಿಂದಕ್ಕೆ ಸರಿಯುವ ಸ್ಲೈಡು, ಬ್ಯಾರೆಲ್ಲು ಸೇರಿ ಅರ್ಧ ಕೇಜಿ ಅಂದುಕೊಳ್ಳಿ. 2.8 ಭಾಗಿಸು 0.5, ಅಂದರೆ ಸೆಕೆಂಡಿಗೆ 5.6 ಮೀಟರ್. ಗಂಟೆಗೆ ಸುಮಾರು 20 ಕಿಲೋಮೀಟರ್, ನಮ್ಮ ಸೈಕಲ್ಲಿನ ಸ್ಪೀಡು. ಪಿಸ್ತೂಲಿನ ಹತ್ತಿರ ಇರೋ ಬಂಡವಾಳ ಇಷ್ಟೇ. ಸ್ಪ್ರಿಂಗ್ ಒತ್ತೋದು, ಘರ್ಷಣೆ ಮೀರೋದು, ಕೇಸ್ ಎಳೆದು ಎಸೆಯೋದು, ಎಲ್ಲ ಖರ್ಚೂ ಇದರಲ್ಲೇ ನಡೀಬೇಕು.

ಕೇಸನ್ನು ಹೊರಗೆ ಹಾಕೋ ಕೆಲಸ ಇಬ್ಬರದು. ಸ್ಲೈಡಿನ ಬಲಗಡೆ ಒಂದು ಕೊಕ್ಕೆ ಇರುತ್ತೆ, ಅದು ಎಕ್ಸ್‌ಟ್ರಾಕ್ಟರ್. ಕೇಸಿನ ಬುಡದ ಅಂಚನ್ನು ಹಿಡಿದು ಚೇಂಬರಿನಿಂದ ಎಳೆದು ತರೋದು ಅದರ ಕೆಲಸ. ಫ್ರೇಮಿನ ಎಡಗಡೆ ಅಲ್ಲಾಡದ ಒಂದು ಗೂಟ ಇರುತ್ತೆ, ಅದು ಇಜೆಕ್ಟರ್. ಸ್ಲೈಡು ಕೇಸನ್ನು ಹಿಡಿದು ಹಿಂದಕ್ಕೆ ಓಡಿಬರುವಾಗ ಕೇಸಿನ ಬುಡದ ಎಡಭಾಗ ಈ ಗೂಟಕ್ಕೆ ಬಡಿಯುತ್ತೆ. ಬಲಕ್ಕೆ ಕೊಕ್ಕೆ, ಎಡಕ್ಕೆ ಏಟು. ಕೇಸ್ ತಿರುಗಿ ಬಲಗಡೆ ಕಿಂಡಿಯಿಂದ ಹಾರುತ್ತೆ. ಕೇರಂ ಆಡುವವರಿಗೆ ಇದು ಬೇಗ ಅರ್ಥವಾಗುತ್ತೆ: ಕಾಯಿನ್ ಎಲ್ಲಿಗೆ ಹೋಗುತ್ತೆ ಅನ್ನೋದು ಸ್ಟ್ರೈಕರ್ ಎಷ್ಟು ಜೋರಾಗಿ, ಎಲ್ಲಿ ಬಡಿಯಿತು ಅನ್ನೋದರ ಮೇಲೆ.

ಈ ಏಟು ಸ್ವಲ್ಪ ಮೆತ್ತಗಾದರೂ ಕೇಸ್ ಪೂರ್ತಿ ಹಾರಲ್ಲ. ಅರ್ಧ ಹೊರಗೆ ಬಂದಿರುತ್ತೆ, ಅಷ್ಟರಲ್ಲಿ ಸ್ಲೈಡು ಮುಂದಕ್ಕೆ ಬಂದು ಅದನ್ನು ಕಚ್ಚಿ ಹಿಡಿಯುತ್ತೆ. ಕೇಸ್ ಕಿಂಡಿಯಲ್ಲಿ ನೆಟ್ಟಗೆ ನಿಂತಿರುತ್ತೆ, ಮನೆ ಮೇಲಿನ ಹೊಗೆಕೊಳವೆ ಥರ. ಇಂಗ್ಲಿಷಿನವರು ಇದಕ್ಕೆ ಇಟ್ಟ ಹೆಸರು ಕೂಡ ಸ್ಟವ್‌ಪೈಪ್. ನೋಡೋಕೆ ತಮಾಷೆಯಾಗಿರುತ್ತೆ. ಎದುರಿಗೆ ಯಾರಾದರೂ ಇದ್ದಾಗ ತಮಾಷೆ ಅಲ್ಲ.

ತಪ್ಪು ಯಾರದು?

ಜಾಮ್ ಆಯಿತು ಅಂದ ಕೂಡಲೇ ಎಲ್ಲರೂ ಬೈಯೋದು ಪಿಸ್ತೂಲನ್ನು. ಅಪರಾಧಿ ಅದೇ ಅಂತ ಹೇಳೋಕಾಗಲ್ಲ. ಲೈನಿನಲ್ಲಿ ನಾಲ್ಕು ಜನ ನಿಂತಿರ್ತಾರೆ.

ಒಂದು, ಪಿಸ್ತೂಲೇ. ಎಕ್ಸ್‌ಟ್ರಾಕ್ಟರ್ ಕೊಕ್ಕೆ ಸವೆದಿರಬಹುದು, ಅದರ ಕೆಳಗೆ ಮಸಿ ಕೂತಿರಬಹುದು, ರಿಕಾಯಿಲ್ ಸ್ಪ್ರಿಂಗ್ ಸೋತಿರಬಹುದು.

ಎರಡು, ತೋಟಾ. ಒಂದು ಲಾಟಿನ ಮದ್ದು ಸ್ವಲ್ಪ ಮೆತ್ತಗಿದ್ದರೆ ಸ್ಲೈಡು ಪೂರ್ತಿ ಹಿಂದಕ್ಕೆ ಹೋಗಲ್ಲ. ಇನ್ನೊಂದು ವಿಷಯ ನಮಗೆ ಗೊತ್ತೇ ಇರಲಿಲ್ಲ. ದಿನಾ ಪಿಸ್ತೂಲು ಖಾಲಿ ಮಾಡಿ, ದಿನಾ ಅದೇ ಮೇಲಿನ ತೋಟಾ ಮತ್ತೆ ತುಂಬಿದರೆ, ಪ್ರತಿ ಸಲ ಇಳಿಜಾರಿಗೆ ಬಡಿದು ಬಡಿದು ಗುಂಡು ಕೇಸಿನ ಒಳಕ್ಕೆ ಇಳಿಯುತ್ತಾ ಹೋಗಬಹುದು. ಆಗ ಒಳಗಿನ ಜಾಗ ಕಡಿಮೆಯಾಗಿ ಒತ್ತಡ ಜಾಸ್ತಿಯಾಗುತ್ತೆ. ಅಂದರೆ ಒಂದು ಗುಂಡೂ ಹಾರಿಸದೆ, ಬರೀ ಜೋಪಾನ ಮಾಡ್ತಾ ಮಾಡ್ತಾನೇ ತೋಟಾ ಕೆಡಿಸಬಹುದು.

ಮೂರು, ಮ್ಯಾಗಜಿನ್. ನೀವು ಈಗ ಓದ್ತಿರೋದಲ್ಲ ಮಾರ್ರೆ, ತೋಟಾ ತುಂಬೋ ಪೆಟ್ಟಿಗೆ. ಕೆಳಗೆ ಬಿದ್ದು ಅದರ ತುಟಿ ಒಂಚೂರು ಸೊಟ್ಟಗಾದರೂ ತೋಟಾ ಮೇಲೇಳೋ ಕೋನ ಬದಲಾಗುತ್ತೆ. ಅನುಭವಸ್ಥರು ಇದಕ್ಕೆ ತುಂಬಾ ಸರಳವಾದ ಉಪಾಯ ಮಾಡ್ತಾರೆ: ಪ್ರತಿ ಮ್ಯಾಗಜಿನ್ ಮೇಲೂ 1, 2, 3 ಅಂತ ನಂಬರ್ ಬರೆಯೋದು. ನಿಂತಾಗಲೆಲ್ಲ 3ನೇ ನಂಬರೇ ಇದ್ದರೆ ಪಿಸ್ತೂಲು ಬಿಚ್ಚೋ ಕೆಲಸ ಇಲ್ಲ, 3ನ್ನು ತೆಗೆದಿಟ್ಟರೆ ಆಯ್ತು. ಇದಕ್ಕೆ ಬೇಕಾಗಿರೋದು ಒಂದು ಮಾರ್ಕರ್ ಪೆನ್ನು.

ನಾಲ್ಕು, ಕೈ. ಇದು ನಮಗೆ ಅತ್ಯಂತ ಆಶ್ಚರ್ಯ ಆಗಿದ್ದು. ಸ್ಲೈಡು ಫ್ರೇಮಿನ ಮೇಲೆ ಹಿಂದಕ್ಕೆ ಜಾರಬೇಕಾದರೆ ಫ್ರೇಮು ಗಟ್ಟಿಯಾಗಿ ನಿಂತಿರಬೇಕು. ಮಣಿಕಟ್ಟು ಸಡಿಲ ಬಿಟ್ಟರೆ ಸ್ಲೈಡಿನ ಜೊತೆ ಫ್ರೇಮೂ ಹಿಂದಕ್ಕೆ ಬರುತ್ತೆ. ಎರಡರ ನಡುವಿನ ಸಾಪೇಕ್ಷ ಚಲನೆ ಕಡಿಮೆಯಾಗುತ್ತೆ, ಇಜೆಕ್ಟರಿನ ಏಟು ಮೆತ್ತಗಾಗುತ್ತೆ. ವೈಸಿನಲ್ಲಿ ಕಟ್ಟಿ ಹೊಡೆದರೆ ಸಾವಿರ ಸಲ ಸರಿಯಾಗಿ ಓಡೋ ಪಿಸ್ತೂಲು, ಗಾಯಗೊಂಡವನ ಎಡಗೈಯಲ್ಲಿ ಎರಡನೇ ಗುಂಡಿಗೇ ನಿಲ್ಲಬಹುದು. ಹಾಗಾಗಿ ಪರೀಕ್ಷೆ ಮಾಡೋರು ಎರಡೂ ಕೈಯಲ್ಲಿ, ಬಲಗೈ ಒಂದರಲ್ಲಿ, ಎಡಗೈ ಒಂದರಲ್ಲಿ ಅಂತ ಬೇರೆಬೇರೆಯಾಗಿ ಹೊಡೆದು ನೋಡ್ತಾರೆ. ಖಾಲಿ ಕೇಸ್ ಯಾವ ಕಡೆಗೆ, ಎಷ್ಟು ದೂರಕ್ಕೆ ಬಿತ್ತು ಅಂತಲೂ ಗಮನಿಸ್ತಾರೆ. ಎಲ್ಲ ಒಂದೇ ಕಡೆ ರಾಶಿ ಬಿದ್ದರೆ ಯಂತ್ರ ಒಂದೇ ಲಯದಲ್ಲಿದೆ ಅಂತ. ಒಂದು ಕಾಲ ಬುಡಕ್ಕೆ, ಇನ್ನೊಂದು ಹೊಡೆದವನ ಹಣೆಗೆ ಬಂದರೆ ಏನೋ ಏರುಪೇರು ಶುರುವಾಗಿದೆ ಅಂತ. ಜಾಮ್ ಆಗೋದಕ್ಕೆ ಮುಂಚೆಯೇ ಸುಳಿವು ಸಿಗಬಹುದು.

ಈ ನಾಲ್ವರಲ್ಲಿ ತಪ್ಪು ಯಾರದು ಅಂತ ಗೊತ್ತಾಗೋದು ಬರೆದಿಟ್ಟರೆ ಮಾತ್ರ. ‘ಓಕೆ’ ಅಂತ ಬರೆದ ಕಡೆ ನಾಲ್ವರೂ ನಿರಪರಾಧಿಗಳೇ.

ಐದರ ಲೆಕ್ಕ

ಈಗ ಟೆಂಟಿನ ಜಗಳಕ್ಕೆ ಬರೋಣ. ಐದಕ್ಕೆ ಐದು ಹಾರಿದರೆ ಏನು ಸಾಬೀತಾಯಿತು?

ಥರ್ಡ್ ಸೆಮ್ ಪ್ರಾಬಬಿಲಿಟಿ ನೆನಪಿಸಿಕೊಳ್ಳಿ. ಒಂದು ಪಿಸ್ತೂಲು ಪ್ರತಿ ಗುಂಡಿಗೂ ಶೇ 45ರಷ್ಟು ನಿಲ್ಲೋ ಗುಣದ್ದು ಅಂತಿಟ್ಟುಕೊಳ್ಳಿ. ಅಂದರೆ ಪೂರಾ ದರಿದ್ರ ಪಿಸ್ತೂಲು. ಅದು ಐದೂ ಸಲ ತೊಂದರೆ ಇಲ್ಲದೆ ಓಡೋ ಸಾಧ್ಯತೆ 0.55ರ ಐದನೇ ಘಾತ, ಸುಮಾರು ಶೇ 5. ಅಂದರೆ ಐದು ಗುಂಡು ಸರಿಯಾಗಿ ಹಾರಿದ್ದು ನೋಡಿ, ಶೇ 95 ಭರವಸೆಯಲ್ಲಿ ನಾವು ಹೇಳಬಹುದಾದದ್ದು ಇಷ್ಟೇ: ‘ಇದು ನಿಲ್ಲೋ ಪ್ರಮಾಣ ಶೇ 45ಕ್ಕಿಂತ ಕಡಿಮೆ.’ ಶೇ 45! ಯಾರಾದರೂ ಈ ಸರ್ಟಿಫಿಕೇಟನ್ನು ಜೇಬಲ್ಲಿಟ್ಟುಕೊಂಡು ಡ್ಯೂಟಿಗೆ ಹೋಗ್ತಾರಾ?

ಇಪ್ಪತ್ತು ಗುಂಡು ಹೊಡೆದರೆ ಆ ಮಿತಿ ಸುಮಾರು ಶೇ 14ಕ್ಕೆ ಇಳಿಯುತ್ತೆ. ಐವತ್ತಕ್ಕೆ ಸುಮಾರು ಶೇ 6. ಇದಕ್ಕೊಂದು ಸುಲಭ ಸೂತ್ರ ಇದೆ, ಮೂರರ ನಿಯಮ ಅಂತಾರೆ: ಒಂದೂ ತಪ್ಪಿಲ್ಲದೆ ಎನ್ ಸಲ ಓಡಿದರೆ, ತಪ್ಪಿನ ಪ್ರಮಾಣದ ಮೇಲ್ಮಿತಿ ಸುಮಾರು 3 ಭಾಗಿಸು ಎನ್. 200 ಗುಂಡಿಗೆ ಶೇ 1.5. ಸಾವಿರಕ್ಕೊಂದಕ್ಕಿಂತ ಕಡಿಮೆ ಅಂತ ಹೇಳಬೇಕಾದರೆ ಒಂದೂ ತಡೆ ಇಲ್ಲದೆ ಸುಮಾರು 3,000 ಗುಂಡು ಬೇಕು. ಸೂತ್ರ ಪಿಸ್ತೂಲಿಗೆ ಮಾತ್ರ ಅಲ್ಲ. ರಿಲೇಗೆ, ಸೆನ್ಸರಿಗೆ, ನಿಮ್ಮ ಆ್ಯಪಿನ ಲಾಗಿನ್ ಬಟನ್ನಿಗೆ, ಎಲ್ಲಕ್ಕೂ ಅದೇ.

ಹಳಬರಿಗೆ ಇದು ಗೊತ್ತಿತ್ತು. 1911ರ ಮಾರ್ಚಿನಲ್ಲಿ ಅಮೆರಿಕದ ಸೈನ್ಯ ಹೊಸ ಪಿಸ್ತೂಲು ಆರಿಸಬೇಕಿತ್ತು. ಜಾನ್ ಬ್ರೌನಿಂಗ್ ವಿನ್ಯಾಸದ ಕೋಲ್ಟ್ ಒಂದು ಕಡೆ, ಸ್ಯಾವೇಜ್ ಇನ್ನೊಂದು ಕಡೆ. ಒಂದೇ ಪಿಸ್ತೂಲಿನಿಂದ 6,000 ಗುಂಡು ಹೊಡೆಸಿದರು. ಬಿಸಿಯಾದಾಗ ನೀರಿಗೆ ಅದ್ದಿ ತಣಿಸಿ ಮತ್ತೆ ಹೊಡೆಸಿದರು. ಕೋಲ್ಟ್ ಒಂದೂ ತಡೆ ಇಲ್ಲದೆ ಮುಗಿಸಿತು, ಸ್ಯಾವೇಜ್ ಹಲವು ಸಲ ನಿಂತಿತು. ಗೆದ್ದ ಪಿಸ್ತೂಲು ಆ ವರ್ಷದ ಹೆಸರಲ್ಲೇ ಎಂ1911 ಅಂತ ಪ್ರಸಿದ್ಧವಾಗಿ ಏಳು ದಶಕ ಸೇವೆಯಲ್ಲಿತ್ತು. ಅದೇ ಬ್ರೌನಿಂಗ್ ಶುರು ಮಾಡಿ, ಅವನು ತೀರಿಕೊಂಡಮೇಲೆ ಬೆಲ್ಜಿಯಂನಲ್ಲಿ ಮುಗಿದ ಹೈ ಪವರ್ ಪಿಸ್ತೂಲಿನ ನಮ್ಮ ದೇಶದ ರೂಪವೇ ಇಛಾಪುರ ರೈಫಲ್ ಕಾರ್ಖಾನೆಯ ‘ಪಿಸ್ಟಲ್ ಆಟೊ 9 ಎಂಎಂ 1ಎ’. 13 ತೋಟಾದ ಮ್ಯಾಗಜಿನ್. ನಮ್ಮ ಸೈನ್ಯ, ಪೊಲೀಸರ ಕೈಯಲ್ಲಿ ಬಹಳ ಕಾಲದಿಂದ ಇರೋದು ಇದೇ.

ಈಗಿನವರೂ ಸುಲಭವಾಗಿ ಪಾಸ್ ಮಾಡಲ್ಲ. 2017ರಲ್ಲಿ ಅಮೆರಿಕದ ಸೈನ್ಯ ಸಿಗ್ ಸಾವರ್ ಪಿ320 ಆಧರಿಸಿದ ಪಿಸ್ತೂಲನ್ನು ಆರಿಸಿಕೊಂಡಿತು. ಸರಾಸರಿ 2,000 ಗುಂಡಿಗೆ ಒಂದಕ್ಕಿಂತ ಹೆಚ್ಚು ತಡೆ ಬರಬಾರದು ಅನ್ನೋದು ಷರತ್ತು. ಆರಿಸಿದ ಮೇಲೂ ಪರೀಕ್ಷೆ ನಿಲ್ಲಲಿಲ್ಲ. ರಕ್ಷಣಾ ಇಲಾಖೆಯದ್ದೇ ಪರೀಕ್ಷಾ ಕಚೇರಿ ತನ್ನ ವರದಿಯಲ್ಲಿ ಬಹಿರಂಗವಾಗಿ ಬರೆಯಿತು: ಕೆಲವೊಮ್ಮೆ ಖಾಲಿ ಕೇಸಿನ ಜೊತೆಗೆ ಹೊಡೆಯದ ಜೀವಂತ ತೋಟಾನೂ ಹೊರಗೆ ಹಾರುತ್ತಿದೆ, ಒಂದು ಬಗೆಯ ತೋಟಾದಲ್ಲಿ ಚೆನ್ನಾಗಿ ಓಡೋದು ಇನ್ನೊಂದರಲ್ಲಿ ಹೆಚ್ಚು ನಿಲ್ಲುತ್ತಿದೆ, ಕೊನೆಯ ಗುಂಡು ಮುಗಿದಮೇಲೆ ತೆರೆದೇ ನಿಲ್ಲಬೇಕಾದ ಸ್ಲೈಡು ಮುಚ್ಚಿಕೊಳ್ಳುತ್ತಿದೆ, ಯಾಕೆಂದರೆ ಹಿಡಿಯುವವರ ಹೆಬ್ಬೆರಳು ಅದರ ಲಿವರಿನ ಮೇಲೆ ಕೂರುತ್ತಿದೆ. ಮೂರನೆಯದು ಕಾರ್ಖಾನೆಯ ವೈಸಿನಲ್ಲಿ ಎಷ್ಟು ವರ್ಷ ಹೊಡೆದರೂ ಗೊತ್ತಾಗುತ್ತಿರಲಿಲ್ಲ. ವೈಸಿಗೆ ಹೆಬ್ಬೆರಳಿಲ್ಲ.

ನಮ್ಮ ಕಡೆಯ ಧೂಳು

‘ಅಮೆರಿಕದ ಮಾತು ಇರಲಿ, ಮಧುಗಿರಿಗೂ ಇದಕ್ಕೂ ಏನು ಸಂಬಂಧ?’ ಅಂತ ಕೇಳಬಹುದು. ನಮಗಿರೋ ಸಂಬಂಧ ಚಿಕ್ಕದಲ್ಲ.

2005ರ ಫೆಬ್ರುವರಿಯಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯ ಶಾಲೆಯಲ್ಲಿ ತಂಗಿದ್ದ ಕೆಎಸ್‌ಆರ್‌ಪಿ ತುಕಡಿಯ ಮೇಲೆ ರಾತ್ರಿ ನಕ್ಸಲರು ದಾಳಿ ಮಾಡಿದರು. ಹಲವು ಪೊಲೀಸರು ಸತ್ತರು. ಆಗ ನಾವು ಹುಟ್ಟಿದ್ದೆವು ಅಷ್ಟೇ, ಇಲ್ಲಾ ಹುಟ್ಟೇ ಇರಲಿಲ್ಲ. ಆದರೆ ಆ ರಾತ್ರಿಯ ಮಾತು ಪಾವಗಡದ ಮನೆಗಳಲ್ಲಿ ಈಗಲೂ ಬರುತ್ತೆ. ಆ ದಾಳಿಗೂ ಯಾವುದೋ ಆಯುಧ ಕೈಕೊಟ್ಟಿದ್ದಕ್ಕೂ ನಾವು ಗಂಟು ಹಾಕ್ತಿಲ್ಲ. ನಾವು ಹೇಳೋದು ಬೇರೆ: ನಮ್ಮ ಕಡೆ ಪೊಲೀಸರ ಸೊಂಟದಲ್ಲಿರೋ ಪಿಸ್ತೂಲು ಹತ್ತು ವರ್ಷ ಸುಮ್ಮನಿರುತ್ತೆ. ಜಾತ್ರೆ ಬಂದೋಬಸ್ತು, ಎಲೆಕ್ಷನ್ ಬಂದೋಬಸ್ತು, ಹೆದ್ದಾರಿ ಗಸ್ತು. ಆಮೇಲೆ ಒಂದು ರಾತ್ರಿ ಬರುತ್ತೆ. ಆ ಒಂದು ರಾತ್ರಿ ಅದು ಓಡಲೇಬೇಕು. ದಿನಾ ಓಡೋ ಯಂತ್ರ ಕೆಟ್ಟರೆ ಅವತ್ತೇ ಗೊತ್ತಾಗುತ್ತೆ. ಸುಮ್ಮನೆ ಕೂತಿರೋ ಯಂತ್ರ ಕೆಟ್ಟಿದ್ದು ಬೇಕಾದ ದಿನವೇ ಗೊತ್ತಾಗೋದು.

ಸುಮ್ಮನೆ ಕೂರೋದು ಅಂದರೆ ನಮ್ಮ ಕಡೆ ಸುಮ್ಮನೆ ಅಲ್ಲ. ಬೇಸಿಗೆಯಲ್ಲಿ ಪಾವಗಡ, ಶಿರಾ ಕಡೆ ಬಂದವರಿಗೆ ಗೊತ್ತು, ಕೆಂಪು ಧೂಳು ಬೀರುವಿನ ಒಳಗೂ ಇಳಿಯುತ್ತೆ. ಪಿಸ್ತೂಲಿಗೆ ಎಣ್ಣೆ ಜಾಸ್ತಿ ಹಾಕಿದರೆ ಒಳ್ಳೇದು ಅಂದುಕೊಳ್ತೀವಿ. ಎಣ್ಣೆ ಜೊತೆ ಧೂಳು ಸೇರಿದರೆ ಅದು ಎಣ್ಣೆಯಾಗಿ ಉಳಿಯಲ್ಲ, ಅರೆಯೋ ಪೇಸ್ಟ್ ಆಗುತ್ತೆ. ಮೊದಲು ಹೇಳಿದ ಆ 2.8ರ ಬಂಡವಾಳದಲ್ಲಿ ಘರ್ಷಣೆಗೆ ಹೋಗೋ ಪಾಲು ಜಾಸ್ತಿಯಾಗುತ್ತೆ. ಹೊಸ ಪಿಸ್ತೂಲು ಕಾರ್ಖಾನೆಯಲ್ಲಿ ಪಾಸಾಗಿ ಬಂದಿರುತ್ತೆ ನಿಜ. ಆದರೆ ಕಾರ್ಖಾನೆ ಪಾವಗಡದಲ್ಲಿ ಇಲ್ಲ.

ಇದೇ ಪಾಠ ಪಾವಗಡದ ಸೋಲಾರ್ ಪಾರ್ಕಿನಲ್ಲಿ ಹಗಲು ಹೊತ್ತೇ ಕಾಣುತ್ತೆ. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಪ್ಯಾನೆಲ್ ಹಿಂದೆ ಅಂಟಿಸಿರೋ ವ್ಯಾಟ್ ಲೆಕ್ಕ 25 ಡಿಗ್ರಿ ಸೆಲ್ಸಿಯಸ್ ಸೆಲ್ ತಾಪಮಾನದ್ದು. ತಿರುಮಣಿಯ ಏಪ್ರಿಲ್ ಮಧ್ಯಾಹ್ನದಲ್ಲಿ ಸೆಲ್ಲು 60 ಡಿಗ್ರಿ ಮುಟ್ಟಿದರೆ, ಡಿಗ್ರಿಗೆ ಸುಮಾರು ಶೇ 0.4ರಂತೆ ಶೇ 14ರಷ್ಟು ಅಲ್ಲೇ ಹೋಯಿತು; ಧೂಳಿನ ಲೆಕ್ಕ ಬೇರೆ. ಇಂಜಿನಿಯರುಗಳು ಅದನ್ನು ತಿಳಿದೇ ವಿನ್ಯಾಸ ಮಾಡ್ತಾರೆ, ನೀರು ಹಾಕಿ ತೊಳೀತಾರೆ. ಪ್ಯಾನೆಲ್ಲಿಗೆ ಇರೋ ಆ ಜಾಣತನ ಹೋಲ್‌ಸ್ಟರಿಗೂ ಬರಲಿ ಅಂತ ನಮ್ಮ ಆಸೆ.

ಓದದೇ ಇರೋರಿಗೂ ಇದು ಗೊತ್ತು. ಬೋರ್‌ವೆಲ್ ಮೋಟರ್ ಸುಟ್ಟು ರಿವೈಂಡಿಂಗ್ ಮಾಡಿಸಿದಾಗ ನಮ್ಮಲ್ಲೊಬ್ಬನ ದೊಡ್ಡಪ್ಪ ಅಂಗಡಿಯಲ್ಲಿ ಮೋಟರ್ ತಿರುಗಿದ್ದು ನೋಡಿ ದುಡ್ಡು ಕೊಡಲ್ಲ. ‘ಇಲ್ಲಿ ತಿರುಗಿದ್ದು ತಿರುಗಿದ್ದಲ್ಲ ಕಣಪ್ಪ, ಹೊಲದಲ್ಲಿ ಲೋ ವೋಲ್ಟೇಜಿನಲ್ಲಿ ರಾತ್ರಿಯೆಲ್ಲ ತಿರುಗಲಿ, ಆಮೇಲೆ ಬತ್ತೀನಿ’ ಅಂತಾರೆ. ನಾವು ನಾಲ್ಕು ವರ್ಷ ಫೀಸು ಕಟ್ಟಿ ಕಲಿಯೋ ರಿಲಯಬಿಲಿಟಿ ಪಾಠ ಪೂರ್ತಿ ಆ ಒಂದು ಮಾತಿನಲ್ಲಿದೆ.

ಇನ್ನು ರೈತರ ಲೈಸೆನ್ಸ್ ಬಂದೂಕು. ಕೊರಟಗೆರೆ, ಮಧುಗಿರಿಯ ಬೆಟ್ಟದ ಅಂಚಿನ ಊರುಗಳಲ್ಲಿ ಕಾಡುಹಂದಿ, ಕರಡಿ ಕಾಟಕ್ಕೆ ಬೆಳೆ ಕಾಯೋಕೆ ಅಂತ ಲೈಸೆನ್ಸ್ ಪಡೆದ ಬಂದೂಕುಗಳಿರುತ್ತವೆ, ಹೊಡೆಯೋದಕ್ಕಿಂತ ಹೆಚ್ಚಾಗಿ ಸದ್ದು ಮಾಡಿ ಓಡಿಸೋಕೆ. ಎಲೆಕ್ಷನ್ ಬಂದಾಗಲೆಲ್ಲ ಅವನ್ನು ಠಾಣೆಗೆ ಜಮಾ ಮಾಡಬೇಕು, ಮುಗಿದಮೇಲೆ ವಾಪಸ್ ತರಬೇಕು. ಕೊಟ್ಟಿದ್ದಕ್ಕೆ ರಸೀದಿ ಇರುತ್ತೆ, ನಂಬರ್ ಇರುತ್ತೆ, ಸಹಿ ಇರುತ್ತೆ. ವಾರಗಟ್ಟಲೆ ಗೋಡೆಗೆ ಒರಗಿ ನಿಂತ ಬಂದೂಕಿನ ಸ್ಥಿತಿ ಹೇಗಿದೆ ಅನ್ನೋ ಕಾಲಂ ಆ ರಸೀದಿಗೆ ಸೇರಿದರೆ ಎಷ್ಟು ಒಳ್ಳೇದು.

ನಮ್ಮ ಕಡಲೆಕಾಯಿ ಯಂತ್ರ

ಬೇರೆಯವರಿಗೆ ಬುದ್ಧಿ ಹೇಳೋ ಮುಂಚೆ ನಮ್ಮ ಕಥೆ ಹೇಳಿಬಿಡ್ತೀವಿ. ಹೋದ ಸೆಮ್‌ನಲ್ಲಿ ಮಿನಿ ಪ್ರಾಜೆಕ್ಟಿಗೆ ಕಡಲೆಕಾಯಿ ಸುಲಿಯೋ ಯಂತ್ರ ಮಾಡಿದ್ದೆವು. ಕಾಳು ಒಂದು ಕಡೆ ಬೀಳಬೇಕು, ಸಿಪ್ಪೆ ಫ್ಯಾನಿನ ಗಾಳಿಗೆ ಇನ್ನೊಂದು ಕಡೆ ಹಾರಬೇಕು. ಡೆಮೊ ದಿನ ಅರ್ಧ ಕೇಜಿ ಕಾಯಿ ಹಾಕಿದೆವು. ಚೆನ್ನಾಗಿ ಒಣಗಿಸಿ, ಜರಡಿ ಹಿಡಿದು, ಒಂದೇ ಗಾತ್ರದ್ದನ್ನು ಆರಿಸಿದ ಕಾಯಿ. ಯಂತ್ರ ಓಡಿತು. ಚಪ್ಪಾಳೆ, ಫೋಟೊ, ಪೂರ್ತಿ ಮಾರ್ಕ್ಸು. ರಿಪೋರ್ಟಿನಲ್ಲಿ ‘ಯಂತ್ರ ಯಶಸ್ವಿಯಾಗಿ ಕಾರ್ಯನಿರ್ವಹಿಸಿತು’ ಅಂತ ಬರೆದೆವು. ಡೆಮೊ ಹಿಂದಿನ ರಾತ್ರಿ ಅದು ಏಳು ಸಲ ನಿಂತಿದ್ದನ್ನು ಬರೆಯಲಿಲ್ಲ.

ರಜೆಯಲ್ಲಿ ಅದನ್ನು ಶಿರಾ ಕಡೆಯ ನಮ್ಮವನ ಮನೆಗೆ ಒಯ್ದೆವು. ಕಣದಲ್ಲಿದ್ದ ಕಾಯಿ, ಮಣ್ಣು, ಬೇರು, ಅರ್ಧ ಹಸಿ ಎಲ್ಲ ಸೇರಿದ್ದು. ಮೂರನೇ ಬೊಗಸೆಗೆ ಸಿಪ್ಪೆ ಕಿಂಡಿಯಲ್ಲಿ ಸಿಕ್ಕಿಕೊಂಡು ಜಾಮ್. ಬಿಡಿಸಿದೆವು, ಮತ್ತೆ ಜಾಮ್. ಅವರಮ್ಮ ಏನೂ ಅನ್ನಲಿಲ್ಲ. ಮೊರ ತಗೊಂಡು ಕೂತು ಕೈಯಲ್ಲೇ ಸುಲಿಯೋಕೆ ಶುರು ಮಾಡಿದರು. ಬೈದಿದ್ದರೇ ಚೆನ್ನಾಗಿತ್ತು.

ಆಮೇಲೆ ಕ್ಯಾಂಪಿನ ತೋಟಾ ಕಚ್ಚಿಕೊಂಡಾಗ ನಮಗೆ ನೆನಪಾಗಿದ್ದು ಆ ಕಿಂಡಿಯೇ. ಉಸ್ತಾದರ ರಿಜಿಸ್ಟರಿನ ‘ಓಕೆ’ ಮತ್ತು ನಮ್ಮ ರಿಪೋರ್ಟಿನ ‘ಯಶಸ್ವಿ’, ಎರಡೂ ಒಂದೇ ಪೆನ್ನಿನಿಂದ ಬಂದದ್ದು. ವ್ಯತ್ಯಾಸ ಒಂದೇ. ನಮ್ಮದು ನಿಂತರೆ ಕಡಲೆಕಾಯಿ ಕೈಯಲ್ಲಿ ಸುಲೀಬಹುದು.

ಹಾಗಾದರೆ ಏನು ಮಾಡೋದು?

ಪೊಲೀಸ್ ಇಲಾಖೆಯ ಹಿರಿಯರಲ್ಲಿ ನಮ್ಮ ಕೋರಿಕೆ ದುಬಾರಿಯದಲ್ಲ. ಪ್ರತಿ ಪಿಸ್ತೂಲಿಗೂ ವಾಹನಕ್ಕಿರೋ ಥರ ಒಂದು ಲಾಗ್ ಪುಸ್ತಕ. ಅದರಲ್ಲಿ ಆರೇ ಕಾಲಂ: ದಿನಾಂಕ, ಹೊಡೆದ ಗುಂಡು, ತೋಟಾದ ಲಾಟ್, ಮ್ಯಾಗಜಿನ್ ನಂಬರ್, ಯಾವ ಕೈ, ಎಲ್ಲಿ ಹೇಗೆ ನಿಂತಿತು. ನಿಲ್ಲದಿದ್ದರೆ ‘ಸೊನ್ನೆ’ ಅಂತ ಬರೀಬೇಕು, ‘ಓಕೆ’ ಅಂತ ಅಲ್ಲ. ಸೊನ್ನೆಗೆ ಲೆಕ್ಕ ಇದೆ, ಓಕೆಗೆ ಲೆಕ್ಕ ಇಲ್ಲ.

‘ಅಷ್ಟೊಂದು ಗುಂಡು ಎಲ್ಲಿಂದ ತರೋದು? ಒಂದೊಂದು ಪಿಸ್ತೂಲಿಗೂ 3,000 ಹೊಡೆಯೋಕಾಗುತ್ತಾ?’ ಅಂತ ಕೇಳೋದು ನ್ಯಾಯವೇ. ಆಗಲ್ಲ. ಆದರೆ ಪುಸ್ತಕದ ಲಾಭ ಅಲ್ಲೇ ಇರೋದು. ಒಂದೇ ಮಾದರಿಯ ಇನ್ನೂರು ಪಿಸ್ತೂಲು ವಾರ್ಷಿಕ ಅಭ್ಯಾಸದಲ್ಲಿ ಇಪ್ಪತ್ತಿಪ್ಪತ್ತು ಗುಂಡು ಹೊಡೆದರೆ ಅದೇ 4,000 ಆಯಿತು. ಹೇಗಿದ್ದರೂ ಹೊಡೆಯೋ ಗುಂಡು ಅದು. ಬರೆಯದಿದ್ದರೆ ಹಾರಿ ಹೋಯಿತು, ಬರೆದರೆ ಮಾಹಿತಿ ಆಯಿತು. ಒಟ್ಟು ಲೆಕ್ಕದಿಂದ ಆ ಮಾದರಿಯ ಬಗ್ಗೆ, ಆ ಲಾಟಿನ ಬಗ್ಗೆ ಗೊತ್ತಾಗುತ್ತೆ. ಒಂದೊಂದರ ಪುಸ್ತಕದಿಂದ ಹಟಮಾರಿ ಯಾವುದು ಅಂತ ಗೊತ್ತಾಗುತ್ತೆ. ಬೇಸಿಗೆಯ ಅಭ್ಯಾಸದಲ್ಲಿ ಎರಡು ಸುತ್ತನ್ನಾದರೂ ಶುಚಿ ಮಾಡೋ ಮುಂಚೆ, ಹೋಲ್‌ಸ್ಟರಿನಿಂದ ತೆಗೆದ ಹಾಗೇ ಹೊಡೆದು ನೋಡಲಿ. ತರಬೇತುದಾರರು ನೋಡಿ ‘ಇದು ಸುರಕ್ಷಿತ’ ಅಂದಮೇಲೆ, ಅದು ಮರೆಯೋ ಹಾಗಿಲ್ಲ.

ಇನ್ನೊಂದು ಆಕ್ಷೇಪ ನಮ್ಮ ಕ್ಲಾಸಿನಲ್ಲೇ ಬಂತು. ‘ತಡೆ ಬರೆದರೆ ಸಿಬ್ಬಂದಿಗೆ ಮೆಮೊ ಬರುತ್ತೆ, ಹಾಗಾಗಿ ಯಾರೂ ಬರೆಯಲ್ಲ.’ ಇದೇ ನಿಜವಾದ ತೊಡಕು. ತಪ್ಪು ಬರೆದವನಿಗೆ ಶಿಕ್ಷೆ ಆದರೆ ಪುಸ್ತಕ ತುಂಬ ಸುಳ್ಳು ಸೊನ್ನೆಗಳೇ ಇರ್ತವೆ. ನಮ್ಮ ಲ್ಯಾಬ್ ರೆಕಾರ್ಡುಗಳಲ್ಲಿ ಗ್ರಾಫಿನ ಚುಕ್ಕಿ ಎಲ್ಲವೂ ಗೆರೆಯ ಮೇಲೇ ಕೂತಿರ್ತವಲ್ಲ, ಹಾಗೆ. ನಿಂತಿದ್ದನ್ನು ಬರೆದವನಿಗೆ ಶಹಬ್ಬಾಸ್ ಸಿಗಬೇಕು, ಮುಚ್ಚಿಟ್ಟವನಿಗೆ ಪ್ರಶ್ನೆ ಬರಬೇಕು.

ಅದಕ್ಕೇ ನಮ್ಮ ಎರಡನೇ ಕೋರಿಕೆ ನಮ್ಮ ಕಾಲೇಜಿಗೇ. ಪ್ರಾಜೆಕ್ಟ್ ಮೌಲ್ಯಮಾಪನದಲ್ಲಿ ‘ಡೆಮೊ’ಗೆ ಮಾರ್ಕ್ಸ್ ಇದೆ. ‘ತಡೆ ಪುಸ್ತಕ’ಕ್ಕೂ ಇರಲಿ. ಎಷ್ಟು ಸಲ ಓಡಿಸಿದಿರಿ, ಎಷ್ಟು ಸಲ ನಿಂತಿತು, ಯಾಕೆ, ಏನು ಬದಲಾಯಿಸಿದಿರಿ, ಬದಲಾಯಿಸಿದಮೇಲೆ ಎಷ್ಟು ಸಲ ಓಡಿಸಿದಿರಿ. ಏಳು ಸಲ ನಿಂತಿದ್ದನ್ನು ಧೈರ್ಯವಾಗಿ ಬರೆದ ಟೀಮಿಗೆ, ಒಂದೇ ಸಲ ಓಡಿಸಿ ಕೈಮುಗಿದ ಟೀಮಿಗಿಂತ ಒಂದು ಮಾರ್ಕು ಜಾಸ್ತಿ ಬರಲಿ. ನಾಳೆ ಇದೇ ನಮ್ಮಲ್ಲಿ ಯಾರೋ ಲಿಫ್ಟಿನ ಬ್ರೇಕು, ಆಸ್ಪತ್ರೆಯ ವೆಂಟಿಲೇಟರು, ಪೊಲೀಸರ ಪಿಸ್ತೂಲು ಪಾಸ್ ಮಾಡೋ ಸಹಿ ಹಾಕ್ತಾರೆ. ಆ ಕೈಗೆ ‘ಓಕೆ’ ಬರೆಯೋ ಅಭ್ಯಾಸ ಇಲ್ಲೇ, ಈ ಕ್ಯಾಂಪಸ್ಸಿನಲ್ಲೇ ಆಗ್ತಿದೆ.

ನಾವಂತೂ ಶುರು ಮಾಡಿದ್ದೇವೆ. ಕಡಲೆಕಾಯಿ ಯಂತ್ರ ಮತ್ತೆ ವರ್ಕ್‌ಶಾಪಿಗೆ ಬಂದಿದೆ. ಪಕ್ಕದಲ್ಲಿ ಇನ್ನೂರು ಪುಟದ ನೋಟ್‌ಬುಕ್ಕು. ಈ ಸಲ ಆರಿಸಿದ ಕಾಯಿ ಇಲ್ಲ, ಕಣದ ಮಣ್ಣು ಸಮೇತ ಊರಿಂದ ಚೀಲ ತಂದಿದ್ದೇವೆ. ಇವತ್ತಿಗೆ ಪುಸ್ತಕದಲ್ಲಿ 41 ತಡೆ. 30 ಕಿಂಡಿಯಲ್ಲಿ, 11 ಬೆಲ್ಟಿನಲ್ಲಿ. ಕಿಂಡಿ ಅಗಲ ಮಾಡಬೇಕು ಅಂತ ಗೊತ್ತಾಗಿದೆ, ಡೆಮೊದಲ್ಲಿ ಇದು ಗೊತ್ತಾಗಿರಲಿಲ್ಲ.

ಆಯುಧಪೂಜೆ ಬರುತ್ತೆ. ಠಾಣೆಗಳಲ್ಲಿ ಬಂದೂಕು, ಪಿಸ್ತೂಲು ಒರೆಸಿ, ಸಾಲಾಗಿ ಇಟ್ಟು, ಕುಂಕುಮ ಹಚ್ಚಿ, ಹೂ ಮುಡಿಸ್ತಾರೆ. ನಮ್ಮ ವರ್ಕ್‌ಶಾಪಿನಲ್ಲೂ ಲೇತಿಗೆ ಬೂದುಗುಂಬಳಕಾಯಿ ಒಡೀತೀವಿ. ಈ ಸಲ ಅದರ ಪಕ್ಕದಲ್ಲಿ ಆ ತಡೆ ಪುಸ್ತಕವನ್ನೂ ಇಡೋಣ. ಖಾಲಿ ಪುಸ್ತಕ ಬೇಡ. ಬರೆದು, ಎಣ್ಣೆ ಕೈ ಅಂಟಿ, ಮೂಲೆ ಮಡಚಿದ ಪುಸ್ತಕ ಇಡೋಣ.